ಮನೆಯ ನೀರಿನ ಪಿಎಚ್: ಅಳೆಯುವುದು ಹೇಗೆ, ಬಂದ ಅಂಕಿಯನ್ನು ಓದುವುದು ಹೇಗೆ

ನೀರಿನ ಪರೀಕ್ಷಾ ವರದಿ ಕೈಗೆ ಬಂದಾಗ ಬಹುತೇಕರ ಕಣ್ಣು ಮೊದಲು ಹುಡುಕುವುದು ಪಿಎಚ್ ಸಾಲನ್ನು. 7ರ ಆಸುಪಾಸಿನಲ್ಲಿದ್ದರೆ ನೆಮ್ಮದಿ, 6ಕ್ಕೆ ಇಳಿದಿದ್ದರೆ ಆತಂಕ. ಎರಡೂ ಅವಸರದ ತೀರ್ಮಾನಗಳು. ಪಿಎಚ್ 7.2 ಇರುವ ನೀರಿನಲ್ಲಿ ರೋಗಾಣುಗಳು, ನೈಟ್ರೇಟ್, ಆರ್ಸೆನಿಕ್ ಏನು ಬೇಕಾದರೂ ಇರಬಹುದು. 6.2 ಇರುವ ನೀರನ್ನು ಕುಡಿದವರಿಗೆ ಆ ಅಂಕಿಯೊಂದರಿಂದಲೇ ಏನೂ ಆಗದಿರಬಹುದು. ಜ್ವರಮಾಪಕದ ಹಾಗೆ ಪಿಎಚ್ ಕೂಡ ಏನೋ ನಡೆಯುತ್ತಿದೆ ಎಂದಷ್ಟೇ ಹೇಳುತ್ತದೆ. ಯಾಕೆ ಎಂಬುದನ್ನು ನಾವೇ ಹುಡುಕಬೇಕು. ಮನೆಯಲ್ಲೇ ಸರಿಯಾಗಿ ಅಳೆದು, ಕಾರಣ ತಿಳಿದು, ಸರಿಪಡಿಸಬೇಕೇ ಹಾಗೇ ಬಿಡಬೇಕೇ ಎಂದು ತೀರ್ಮಾನಿಸುವವರೆಗಿನ ದಾರಿಯನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು ತಿಳಿದಿರಬೇಕಾದಷ್ಟು

ನೀರಿನಲ್ಲಿ ಹೈಡ್ರೋಜನ್ ಅಯಾನುಗಳು ಎಷ್ಟು ಚಟುವಟಿಕೆಯಿಂದಿವೆ ಎಂಬುದರ ಅಳತೆಯೇ ಪಿಎಚ್. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ರಸಾಯನ ವಿಜ್ಞಾನಿ ಸೋರೆನ್ ಸೋರೆನ್‌ಸೆನ್ ಈ ಮಾಪನವನ್ನು ಬಳಕೆಗೆ ತಂದರು. ಸಾಮಾನ್ಯವಾಗಿ 0ಯಿಂದ 14ರವರೆಗೆ ಗುರುತಿಸುವ ಈ ಮಾಪನದಲ್ಲಿ 7ಕ್ಕಿಂತ ಕೆಳಗಿದ್ದರೆ ಆಮ್ಲೀಯ, ಮೇಲಿದ್ದರೆ ಕ್ಷಾರೀಯ. 7 ತಟಸ್ಥ ಎನ್ನುವುದು 25 ಡಿಗ್ರಿ ಸೆಲ್ಸಿಯಸ್‌ಗೆ ಸಲ್ಲುವ ಮಾತು. ನೀರು ಬಿಸಿಯಾದಂತೆ ತಟಸ್ಥ ಬಿಂದುವೂ ಕೆಳಗಿಳಿಯುತ್ತದೆ. ಆದ್ದರಿಂದ ಬಿಸಿನೀರನ್ನು ಅಳೆದು ಗಾಬರಿಯಾಗಬೇಡಿ.

ಈ ಮಾಪನದ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು ವ್ಯತ್ಯಾಸದ್ದು ಎಂಬುದನ್ನು ಮಾತ್ರ ಮರೆಯಬಾರದು. ಪಿಎಚ್ 6ರ ನೀರು 7ರ ನೀರಿಗಿಂತ ಹತ್ತು ಪಟ್ಟು ಆಮ್ಲೀಯ, 8ರ ನೀರಿಗಿಂತ ನೂರು ಪಟ್ಟು. ಹಾಗಾಗಿ 7.4 ಇದ್ದದ್ದು ಕೆಲವು ತಿಂಗಳಲ್ಲಿ 6.4ಕ್ಕೆ ಬಂದಿದ್ದರೆ ಅದನ್ನು ಸಣ್ಣ ಏರುಪೇರು ಎಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಎಷ್ಟಿರಬೇಕು? ಕುಡಿಯುವ ನೀರಿನ ಪಿಎಚ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಆಧಾರದ ಮೇಲೆ ಯಾವ ಮಿತಿಯನ್ನೂ ನಿಗದಿ ಮಾಡಿಲ್ಲ ಎಂದರೆ ಹಲವರಿಗೆ ಅಚ್ಚರಿಯಾಗುತ್ತದೆ. 6.5ರಿಂದ 8.5 ಎಂಬ, ಅನೇಕ ದೇಶಗಳ ಮಾನದಂಡಗಳಲ್ಲಿ ಕಾಣುವ ವ್ಯಾಪ್ತಿ ಮುಖ್ಯವಾಗಿ ಕೊಳವೆಗಳ ಸವೆತ, ರುಚಿ, ಕ್ಲೋರಿನ್ನಿನ ಪರಿಣಾಮ ಇವನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ್ದು. 11ಕ್ಕಿಂತ ಮೇಲಿನಂಥ ವಿಪರೀತ ಪಿಎಚ್ ಇದ್ದರೆ ಕಣ್ಣು, ಚರ್ಮ, ಬಾಯಿಯ ಒಳಪದರ ಉರಿಯುವುದುಂಟು. ಮನೆಯ ನಲ್ಲಿಯಲ್ಲಿ ಅಂಥ ನೀರು ಬರುವುದು ತೀರ ಅಪರೂಪ; ಬರುವ ಒಂದು ಸಂದರ್ಭವನ್ನು ಮುಂದೆ ಹೇಳುತ್ತೇನೆ.

ಪಿಎಚ್ ಜೊತೆಗೆ ಓದಲೇಬೇಕಾದ ಇನ್ನೊಂದು ಅಂಕಿ ಕ್ಷಾರತೆ. ವರದಿಯಲ್ಲಿ ಇದು 'ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ' ಎಂದು ಇರುತ್ತದೆ. ನೀರು ಕ್ಷಾರೀಯವಾಗಿದೆ ಎಂಬುದು ಬೇರೆ, ನೀರಿಗೆ ಕ್ಷಾರತೆ ಇದೆ ಎಂಬುದು ಬೇರೆ. ಪಿಎಚ್ ಈ ಗಳಿಗೆಯ ಸ್ಥಿತಿಯನ್ನು ಹೇಳಿದರೆ, ಆಮ್ಲ ಬಂದು ಸೇರಿದಾಗ ಆ ಸ್ಥಿತಿ ಕದಲದಂತೆ ತಡೆಯುವ ಶಕ್ತಿ ನೀರಿಗೆ ಎಷ್ಟಿದೆ ಎಂಬುದನ್ನು ಕ್ಷಾರತೆ ಹೇಳುತ್ತದೆ. ಆ ಶಕ್ತಿ ಬರುವುದು ಹೆಚ್ಚಾಗಿ ಬೈಕಾರ್ಬೊನೇಟಿನಿಂದ. ಬೈಕಾರ್ಬೊನೇಟ್ ಧಾರಾಳವಾಗಿರುವ ನೀರಿನ ಪಿಎಚ್ ಸುಲಭಕ್ಕೆ ಅಲುಗಾಡುವುದಿಲ್ಲ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದ್ದಕ್ಕೇ ಅದರ ಪಿಎಚ್ ಸುಮಾರು 5.6ಕ್ಕೆ ಇಳಿಯುತ್ತದೆ, ಯಾವ ಮಾಲಿನ್ಯವೂ ಬೇಕಿಲ್ಲ.

ಹೆಜ್ಜೆ 1: ನೀರನ್ನು ಹಿಡಿಯುವುದು

ಪಿಎಚ್ ಬಲು ಬೇಗ ಬದಲಾಗುವ ಗುಣ. ಕೊಳವೆಬಾವಿಯಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕರಗಿರುತ್ತದೆ. ಬಾಟಲಿಯಲ್ಲಿಟ್ಟು ಕಾದರೆ, ಅಲುಗಾಡಿಸಿದರೆ, ಅದು ಹೊರಟುಹೋಗಿ ಪಿಎಚ್ ಏರುತ್ತದೆ. ಮಾದರಿಯನ್ನು ಪ್ರಯೋಗಾಲಯಕ್ಕೆ ಸಾಗಿಸುವಷ್ಟರಲ್ಲಿ ನೀರು ಮೊದಲಿನ ನೀರಾಗಿ ಉಳಿದಿರುವುದಿಲ್ಲ. ಹಿಡಿದ 15 ನಿಮಿಷಗಳೊಳಗೆ ಪಿಎಚ್ ಅಳೆಯಬೇಕು ಎಂದು ಪ್ರಯೋಗಾಲಯಗಳ ಕಾರ್ಯವಿಧಾನಗಳೇ ಹೇಳುವುದು ಇದಕ್ಕಾಗಿ. ಕ್ಷಾರತೆ, ಗಡಸುತನ, ಲೋಹಗಳ ಪರೀಕ್ಷೆಗೆ ಪ್ರಯೋಗಾಲಯ ಬೇಕೇ ಬೇಕು. ಪಿಎಚ್ ಮಟ್ಟಿಗೆ ಮಾತ್ರ ನಲ್ಲಿಯ ಪಕ್ಕದಲ್ಲೇ ಎಚ್ಚರದಿಂದ ಮಾಡಿದ ಅಳತೆಯನ್ನು ನಾನು ಹೆಚ್ಚು ನಂಬುತ್ತೇನೆ.

ಶುದ್ಧವಾದ ಗಾಜಿನ ಲೋಟ ಅಥವಾ ಪ್ಲಾಸ್ಟಿಕ್ ಬಾಟಲಿ ಸಾಕು. ಅದರಲ್ಲಿ ಸೋಪಿನ ಅಂಶ ಕಿಂಚಿತ್ತೂ ಉಳಿದಿರಬಾರದು, ಏಕೆಂದರೆ ಸೋಪಿನ ದ್ರಾವಣದ ಪಿಎಚ್ 9ರಿಂದ 10 ಇರುತ್ತದೆ. ಪರೀಕ್ಷಿಸಬೇಕಾದ ನೀರಿನಲ್ಲೇ ಮೂರು ಸಲ ತೊಳೆದು, ಗುಳ್ಳೆಗಳೇಳದಂತೆ ನಿಧಾನವಾಗಿ ಅಂಚಿನವರೆಗೆ ತುಂಬಿಸಿ. ಅಳೆಯಲು ಸ್ವಲ್ಪ ತಡವಾಗುವಂತಿದ್ದರೆ ಬಾಟಲಿಯೊಳಗೆ ಗಾಳಿಗೆ ಜಾಗವಿಲ್ಲದಂತೆ ಮುಚ್ಚಿಡಿ.

ಒಂದೇ ಜಾಗದ ನೀರು ಮನೆಯ ಇಡೀ ಕಥೆಯನ್ನು ಹೇಳುವುದಿಲ್ಲ. ಕನಿಷ್ಠ ಮೂರು ಕಡೆ ಅಳೆಯಿರಿ. ನೀರು ಮನೆಗೆ ಪ್ರವೇಶಿಸುವ ಕಡೆ ಒಂದು, ಅಂದರೆ ಸರಬರಾಜಿನ ನಲ್ಲಿ ಅಥವಾ ಪಂಪಿನ ಬಾಯಿ. ತೊಟ್ಟಿಯಿಂದ ಬರುವ ನಲ್ಲಿಯಲ್ಲಿ ಒಂದು. ಶುದ್ಧೀಕರಣ ಯಂತ್ರವಿದ್ದರೆ ಅದರಿಂದ ಹೊರಬಂದ ನೀರು ಇನ್ನೊಂದು. ಈ ಮೂರರ ನಡುವಿನ ವ್ಯತ್ಯಾಸವೇ ಮುಂದೆ ಕಾರಣ ಹುಡುಕುವಾಗ ಅರ್ಧ ಕೆಲಸ ಮುಗಿಸಿಕೊಡುತ್ತದೆ. ಲೋಹದ ಕೊಳವೆಗಳಿದ್ದರೆ, ರಾತ್ರಿಯಿಡೀ ಕೊಳವೆಯಲ್ಲೇ ನಿಂತ ಬೆಳಗಿನ ಮೊದಲ ನೀರನ್ನೂ, ಕೆಲವು ನಿಮಿಷ ಹರಿಯಬಿಟ್ಟ ಮೇಲಿನ ನೀರನ್ನೂ ಬೇರೆ ಬೇರೆ ಹಿಡಿಯಿರಿ.

ಹೆಜ್ಜೆ 2: ಅಳೆಯುವುದು

ಲಿಟ್ಮಸ್ ಕಾಗದ ಈ ಕೆಲಸಕ್ಕೆ ಬರುವುದಿಲ್ಲ. ಅದು ಆಮ್ಲವೋ ಕ್ಷಾರವೋ ಎಂದು ಹೇಳಬಲ್ಲದೇ ಹೊರತು 6.4 ಮತ್ತು 7.4ರ ವ್ಯತ್ಯಾಸವನ್ನಲ್ಲ. ಮನೆಗೆ ಒದಗುವುದು ಮೂರು ಸಾಧನಗಳು: ಬಣ್ಣದ ಪಟ್ಟಿ, ಹನಿ ದ್ರಾವಣದ ಕಿಟ್, ಡಿಜಿಟಲ್ ಮಾಪಕ.

ಪಟ್ಟಿ ಕೊಳ್ಳುವಾಗ ಅದರ ವ್ಯಾಪ್ತಿಯನ್ನು ನೋಡಿ. 0ಯಿಂದ 14ರವರೆಗೆ ಎಲ್ಲವನ್ನೂ ಅಳೆಯುವ ಪಟ್ಟಿ ಒಂದೊಂದು ಪೂರ್ಣಾಂಕವನ್ನಷ್ಟೇ ತೋರಿಸುತ್ತದೆ. ಮನೆಯ ನೀರಿಗೆ ಬೇಕಾದದ್ದು 6ರಿಂದ 9ರ ಆಸುಪಾಸನ್ನು ಸಣ್ಣ ಸಣ್ಣ ಅಂತರದಲ್ಲಿ ತೋರಿಸುವಂಥದು. ಅದ್ದಿ ತೆಗೆದ ಪಟ್ಟಿಯ ತುದಿಯಲ್ಲಿ ಒಂದು ಹನಿ ಜೋತುಬಿದ್ದಿರುತ್ತದೆ. ಅದನ್ನು ಮೆಲ್ಲನೆ ಝಾಡಿಸಿ ಬೀಳಿಸಿ. ಇಲ್ಲವಾದರೆ ಒಂದು ಚೌಕದ ಬಣ್ಣ ಪಕ್ಕದ ಚೌಕಕ್ಕೆ ಹರಿದು ಎರಡೂ ಕೆಡುತ್ತವೆ. ಪೊಟ್ಟಣದ ಮೇಲೆ ಎಷ್ಟು ಸೆಕೆಂಡ್ ಎಂದಿದೆಯೋ ಅಷ್ಟೇ ಹೊತ್ತು ಕಾದು, ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯ ಮೇಲಿಟ್ಟು ಹೋಲಿಸಿ. ಹಳದಿ ಬಲ್ಬಿನ ಕೆಳಗೆ ಹಸಿರು ಮತ್ತು ನೀಲಿಹಸಿರಿನ ಭೇದ ತಿಳಿಯುವುದೇ ಇಲ್ಲ. ಪಟ್ಟಿಯ ಡಬ್ಬಿಯನ್ನು ಸ್ನಾನದ ಕೋಣೆಯಲ್ಲಿ ಇಡಬೇಡಿ, ತೇವಕ್ಕೆ ಅವು ಬೇಗ ಹಾಳಾಗುತ್ತವೆ.

ಹನಿ ಕಿಟ್‌ಗಳಲ್ಲಿ ಒಂದು ಸೂಕ್ಷ್ಮವಿದೆ. ಅವುಗಳಲ್ಲಿ ಹಲವಕ್ಕೆ ಬಳಸುವ ಬಣ್ಣಕ ಬ್ರೋಮೋಥೈಮಾಲ್ ಬ್ಲೂ. 6ರಲ್ಲಿ ಹಳದಿ, 7ರ ಹತ್ತಿರ ಹಸಿರು, 7.6 ದಾಟಿದ ಮೇಲೆ ನೀಲಿ. ಆಮೇಲೆ ಎಷ್ಟೇ ಏರಿದರೂ ನೀಲಿಯೇ. ಅಂದರೆ ಕಿಟ್ 7.6 ಎಂದು ತೋರಿಸಿದರೆ ನಿಮ್ಮ ನೀರು 7.6 ಇರಬಹುದು, 9 ಕೂಡ ಇರಬಹುದು. ಹಾಗೆಯೇ 6 ಎಂದು ತೋರಿಸಿದರೆ 6 ಅಥವಾ ಅದಕ್ಕಿಂತ ಎಷ್ಟೋ ಕೆಳಗೆ. ಬಣ್ಣ ಯಾವ ತುದಿಯಲ್ಲಿ ನಿಂತರೂ ಅದನ್ನು ಉತ್ತರ ಎಂದು ಒಪ್ಪಿಕೊಳ್ಳದೆ, ಆ ಕಡೆಯ ವ್ಯಾಪ್ತಿಯನ್ನು ಅಳೆಯುವ ಇನ್ನೊಂದು ಬಣ್ಣಕದಿಂದ ಪರೀಕ್ಷಿಸಿ. ಫೀನಾಲ್ ರೆಡ್ ಸುಮಾರು 6.8ರಿಂದ 8.2ರವರೆಗೆ ಕೆಲಸ ಮಾಡುತ್ತದೆ. ನೀರಿನಲ್ಲಿ ಕ್ಲೋರಿನ್ ಹೆಚ್ಚಾಗಿದ್ದರೆ ಇದರ ಬಣ್ಣ ನೇರಳೆಗೆ ತಿರುಗಿ ಪಿಎಚ್ ಏರಿದಂತೆ ಮೋಸಮಾಡುತ್ತದೆ. ತೊಟ್ಟಿಗೆ ಕ್ಲೋರಿನ್ ಹಾಕಿದ ದಿನ ಹನಿ ಕಿಟ್ಟನ್ನು ಮುಟ್ಟದಿರುವುದೇ ಲೇಸು.

ಪೆನ್ನಿನಂಥ ಡಿಜಿಟಲ್ ಮಾಪಕ ಎರಡನೇ ದಶಮಾಂಶದವರೆಗೂ ಅಂಕಿ ತೋರಿಸುವುದರಿಂದ ಬಹಳ ನಿಖರ ಎನಿಸುತ್ತದೆ. ಬಫರ್ ದ್ರಾವಣಗಳಲ್ಲಿ, ಅಂದರೆ ಪಿಎಚ್ ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಹೊಂದಿಸದ ಮಾಪಕ ತೋರಿಸುವ 7.38ಕ್ಕೆ ಮಾತ್ರ ಯಾವ ಬೆಲೆಯೂ ಇಲ್ಲ. ಹೊಂದಿಸುವ ಕ್ರಮ ಹೀಗೆ: ಮೊದಲು 7ರ ಬಫರ್, ಆಮೇಲೆ ನಿಮ್ಮ ನೀರು ಇರುವ ಕಡೆಯ ಬಫರ್, ಅಂದರೆ ಆಮ್ಲೀಯವಾಗಿದ್ದರೆ 4, ಕ್ಷಾರೀಯವಾಗಿದ್ದರೆ 10. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತುದಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಮೆತ್ತನೆಯ ಕಾಗದದಿಂದ ನೀರನ್ನು ಹೀರಿಸಿ, ಉಜ್ಜಬಾರದು. ಬಳಸಿದ ಬಫರನ್ನು ಬಾಟಲಿಗೆ ಮರಳಿ ಸುರಿಯಬೇಡಿ. ಅಳೆಯುವಾಗ ಮಾಪಕವನ್ನು ಮೆಲ್ಲನೆ ಒಮ್ಮೆ ತಿರುವಿ ನಿಲ್ಲಿಸಿ, ಅಂಕಿಗಳು ತೆವಳುವುದು ನಿಲ್ಲುವವರೆಗೆ ಕಾಯಿರಿ. ಅದು ಅರ್ಧ ನಿಮಿಷವಾಗಬಹುದು, ಎರಡು ನಿಮಿಷವೂ ಆಗಬಹುದು. ಅವಸರ ಮಾಡಿ ಬರೆದುಕೊಂಡ ಅಂಕಿ ಹಿಂದಿನ ದ್ರಾವಣದ ನೆನಪನ್ನೇ ಹೊತ್ತಿರುತ್ತದೆ.

ಮಾಪಕದ ತುದಿಯಲ್ಲಿರುವ ಗಾಜಿನ ಗುಂಡು ಒಣಗಬಾರದು. ಅದನ್ನು ಪೊಟ್ಯಾಸಿಯಂ ಕ್ಲೋರೈಡಿನ ಶೇಖರಣಾ ದ್ರಾವಣದಲ್ಲಿ ಇಡಬೇಕು. ಶುದ್ಧವಾದುದು ಒಳ್ಳೆಯದೆಂದು ಬಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿಡುವವರಿದ್ದಾರೆ. ಅದರಿಂದ ಎಲೆಕ್ಟ್ರೋಡಿನೊಳಗಿನ ಲವಣ ಹೊರಗೆ ಸೋರಿ ಆಯಸ್ಸು ಕುಗ್ಗುತ್ತದೆ. ತಾಪಮಾನದ ಸ್ವಯಂ ಹೊಂದಾಣಿಕೆ ಇದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಅದು ಎಲೆಕ್ಟ್ರೋಡಿನ ಸ್ಪಂದನೆಯನ್ನು ಸರಿದೂಗಿಸುತ್ತದೆ ಎಂದಷ್ಟೇ ಅರ್ಥ. ಬಿಸಿನೀರಿನ ನಿಜವಾದ ಪಿಎಚ್ ಬದಲಾವಣೆಯನ್ನು ಅದು ಅಳಿಸುವುದಿಲ್ಲ.

ಯಾವ ಸಾಧನವಾದರೂ ಅದನ್ನೇ ಒಮ್ಮೆ ಪರೀಕ್ಷಿಸಿ ನೋಡುವ ಸುಲಭ ಉಪಾಯವಿದೆ. ಒಂದು ಚಮಚ ಅಡುಗೆ ಸೋಡಾವನ್ನು ಒಂದು ಲೋಟ ನೀರಿನಲ್ಲಿ ಕರಗಿಸಿದರೆ ಪಿಎಚ್ ಸುಮಾರು 8.3 ಬರುತ್ತದೆ. ಪಟ್ಟಿಯೋ ಮಾಪಕವೋ ಅದಕ್ಕೆ 7 ಎಂದೋ 9.5 ಎಂದೋ ತೋರಿಸಿದರೆ ದೋಷವಿರುವುದು ಸಾಧನದಲ್ಲಿ.

ಹೆಜ್ಜೆ 3: 6.5ಕ್ಕಿಂತ ಕಡಿಮೆ ಬಂದರೆ

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಕಾರಣ ಇಂಗಾಲದ ಡೈಆಕ್ಸೈಡೋ ಬೇರೆಯೋ ಎಂಬುದು. ಉತ್ತರವನ್ನು ಮನೆಯಲ್ಲೇ ಪಡೆಯಬಹುದು. ಹಿಡಿದ ತಕ್ಷಣ ಅಳೆದು ಬರೆದಿಡಿ. ಅದೇ ನೀರನ್ನು ಎರಡು ಶುದ್ಧ ಪಾತ್ರೆಗಳ ನಡುವೆ ಮೇಲಿನಿಂದ ಇಪ್ಪತ್ತು ಮೂವತ್ತು ಸಲ ಸುರಿದಾಡಿ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. 6.3 ಇದ್ದದ್ದು 7.3ರ ಹತ್ತಿರ ಬಂದರೆ, ನೆಲದಡಿಯಲ್ಲಿ ಕರಗಿದ ಇಂಗಾಲದ ಡೈಆಕ್ಸೈಡೇ ಕಾರಣ. ನೀರಿಗೆ ಒಳ್ಳೆಯ ಕ್ಷಾರತೆಯೂ ಇದೆ ಎಂದು ತಿಳಿಯಿರಿ. ಏನೂ ಏರದಿದ್ದರೆ ಕ್ಷಾರತೆ ತೀರ ಕಡಿಮೆ ಇರಬೇಕು, ಇಲ್ಲವೇ ಬೇರಾವುದೋ ಆಮ್ಲ ಸೇರಿರಬೇಕು. ಹೀಗೆ ಏರದಿದ್ದಾಗ ಪ್ರಯೋಗಾಲಯದ ಪೂರ್ಣ ಪರೀಕ್ಷೆಗೆ ಹೋಗಿ.

ಎರಡನೆಯ ಪ್ರಶ್ನೆ, ಆ ನೀರು ಮನೆಯೊಳಗೆ ಏನನ್ನು ಕರಗಿಸುತ್ತಿದೆ ಎಂಬುದು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಆಮ್ಲೀಯ, ಮೆದು ನೀರು ಲೋಹವನ್ನು ಕರಗಿಸಿಕೊಂಡು ಹೋಗುತ್ತದೆ. ಬೇಸಿನ್ನಿನಲ್ಲಿ ನಲ್ಲಿಯ ಹನಿ ಬೀಳುವ ಜಾಗವನ್ನು ಹತ್ತಿರದಿಂದ ನೋಡಿ. ಅಲ್ಲಿ ನೀಲಿಹಸಿರು ಕಲೆ ಮೂಡಿದ್ದು, ಉಜ್ಜಿದರೂ ಮತ್ತೆ ಮತ್ತೆ ಬರುತ್ತಿದ್ದರೆ ಅದು ತಾಮ್ರ: ಕೊಳವೆಯಿಂದಲೋ ಹಿತ್ತಾಳೆಯ ಬಿಡಿಭಾಗಗಳಿಂದಲೋ ಬಂದದ್ದು. ಕಂದುಗೆಂಪು ಕಲೆ ಕಬ್ಬಿಣದ್ದು. ಅದು ಸತು ಲೇಪಿತ ಕೊಳವೆಯ ಸವೆತದಿಂದ ಬಂದಿರಬಹುದು, ನೆಲದಡಿಯ ನೀರಿನಲ್ಲೇ ಇದ್ದಿರಬಹುದು. ಬೆಳಗಿನ ಮೊದಲ ನೀರಿಗೆ ಲೋಹದ ಕಹಿ ರುಚಿ ಇದ್ದು, ಹರಿಯಬಿಟ್ಟ ಮೇಲೆ ಆ ರುಚಿ ಹೋದರೆ ಕೊಳವೆಯ ಮೇಲೆ ಸಂಶಯಪಡಿ.

ಕಲೆ, ರುಚಿ, ವಾಸನೆ ಯಾವುದನ್ನೂ ಬಿಡದೆ ಬರುವುದು ಸೀಸ. ಹಳೆಯ ಸೀಸದ ಕೊಳವೆ, ಸೀಸ ಬೆರೆತ ಬೆಸುಗೆ, ಹಿತ್ತಾಳೆಯ ನಲ್ಲಿ ಮತ್ತು ವಾಲ್ವುಗಳು ಅದರ ಮೂಲ. ಮನೆಯ ಕೊಳವೆಗಳೆಲ್ಲ ಪ್ಲಾಸ್ಟಿಕ್ ಆಗಿದ್ದರೂ ನಲ್ಲಿ ಹಿತ್ತಾಳೆಯದೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಸೀಸಕ್ಕೆ ಇರುವ ಮೌಲ್ಯ ಲೀಟರಿಗೆ 0.01 ಮಿಲಿಗ್ರಾಂ, ತಾಮ್ರಕ್ಕೆ 2 ಮಿಲಿಗ್ರಾಂ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಸರಿಪಡಿಸಲಾಗದ್ದು. ಕುದಿಸಿದರೆ ಅದು ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆದ್ದರಿಂದ ಪಿಎಚ್ 6.5ಕ್ಕಿಂತ ಕಡಿಮೆ ಬಂದು, ಮನೆಯಲ್ಲಿ ಲೋಹದ ಕೊಳವೆ ಅಥವಾ ಹಳೆಯ ನಲ್ಲಿಗಳಿದ್ದರೆ ಬೆಳಗಿನ ಮೊದಲ ನೀರನ್ನು ಸೀಸ ಮತ್ತು ತಾಮ್ರದ ಪರೀಕ್ಷೆಗೆ ಕಳುಹಿಸಲೇಬೇಕು. ಫಲಿತಾಂಶ ಬರುವವರೆಗೆ, ರಾತ್ರಿ ನಿಂತ ನೀರನ್ನು ಕೆಲವು ನಿಮಿಷ ಹರಿಯಬಿಟ್ಟು ಬೇರೆ ಕೆಲಸಕ್ಕೆ ಹಿಡಿದಿಟ್ಟುಕೊಂಡು, ಆಮೇಲಿನ ತಣ್ಣೀರನ್ನು ಮಾತ್ರ ಕುಡಿಯಲು, ಅಡುಗೆಗೆ ಬಳಸಿ. ಬಿಸಿನೀರಿನ ನಲ್ಲಿಯ ನೀರು ಲೋಹವನ್ನು ಇನ್ನೂ ಹೆಚ್ಚು ಕರಗಿಸುತ್ತದೆ; ಅದನ್ನು ಕುಡಿಯುವುದಕ್ಕೆ ಬಳಸಬೇಡಿ.

ಪಿಎಚ್ ವ್ಯಾಪ್ತಿಯೊಳಗಿದೆ ಎಂಬುದೇ ಸವೆತ ಇಲ್ಲ ಎಂಬುದಕ್ಕೆ ಪುರಾವೆಯೂ ಅಲ್ಲ. 2014ರ ಏಪ್ರಿಲ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ತನ್ನ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿತು. ಹೊಸ ನೀರಿನಲ್ಲಿ ಕ್ಲೋರೈಡ್ ಹೆಚ್ಚಿತ್ತು, ಕೊಳವೆಗಳ ಒಳಮೈಯನ್ನು ಕಾಯುವ ಫಾಸ್ಫೇಟನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ರಕ್ಷಣಾ ಪದರ ಕಳಚಿ ಸೀಸ ಮನೆಮನೆಯ ನಲ್ಲಿಗೆ ಬಂತು. ಸವೆತವನ್ನು ಪಿಎಚ್ ಜೊತೆಗೆ ಕ್ಷಾರತೆ, ಕ್ಲೋರೈಡ್, ಸಲ್ಫೇಟ್, ತಾಪಮಾನ ಎಲ್ಲವೂ ಸೇರಿ ನಿರ್ಧರಿಸುತ್ತವೆ.

ಹೆಜ್ಜೆ 4: 8.5ಕ್ಕಿಂತ ಹೆಚ್ಚು ಬಂದರೆ

ಇಲ್ಲಿ ಮೂರು ಕಡೆಯ ಅಳತೆ ಕೆಲಸಕ್ಕೆ ಬರುತ್ತದೆ. ಮನೆಗೆ ಬರುವ ನೀರು 7.5 ಇದ್ದು ತೊಟ್ಟಿಯ ನೀರು 9 ದಾಟಿದ್ದರೆ ಕಾರಣ ತೊಟ್ಟಿಯಲ್ಲೇ ಇದೆ. ಹೊಸದಾಗಿ ಕಟ್ಟಿದ ಅಥವಾ ಒಳಗೆ ಹೊಸದಾಗಿ ಗಾರೆ ಮಾಡಿಸಿದ ಸಿಮೆಂಟ್ ತೊಟ್ಟಿ ಸುಣ್ಣವನ್ನು ನೀರಿಗೆ ಬಿಡುತ್ತದೆ. ಮೇಲೆ ಹೇಳಿದ, ಪಿಎಚ್ 11ನ್ನು ಮುಟ್ಟಬಹುದಾದ ಸಂದರ್ಭ ಇದೇ. ತುಂಬಿಸಿ, ಕೆಲವು ದಿನ ನಿಲ್ಲಿಸಿ, ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಿಸಿ. ಪ್ರತಿ ಸಲವೂ ಅಳೆಯಿರಿ. ಒಳಬರುವ ನೀರಿನ ಅಂಕಿಗೆ ಹತ್ತಿರವಾಗುವವರೆಗೆ ಆ ನೀರನ್ನು ಕುಡಿಯಬೇಡಿ, ಸ್ನಾನಕ್ಕೂ ಬೇಡ.

ಬಿಸಿಲು ಬೀಳುವ ತೊಟ್ಟಿಯಲ್ಲಿ ಪಾಚಿ ಬೆಳೆದಿದ್ದರೂ ಹೀಗಾಗುತ್ತದೆ. ಹಗಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ ಏರುತ್ತದೆ, ರಾತ್ರಿ ಅದು ಉಸಿರಾಡುವುದರಿಂದ ಇಳಿಯುತ್ತದೆ. ಸೂರ್ಯೋದಯಕ್ಕೆ ಮುಂಚೆ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಒಮ್ಮೆ ಅಳೆದು ನೋಡಿ. ಅಂತರ ಎದ್ದು ಕಂಡರೆ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬೆಳಕು ಬಿಟ್ಟು ಪಾಚಿ ಇದೆಯೇ ನೋಡಿ. ಚಿಕಿತ್ಸೆ ಸರಳ: ತೊಟ್ಟಿ ತೊಳೆಯುವುದು, ಬೆಳಕು ಒಳಹೋಗದಂತೆ ಮುಚ್ಚುವುದು.

ಸರಬರಾಜಿನ ನೀರೇ 8ರಿಂದ 8.5ರಷ್ಟಿದ್ದರೆ ಅದು ಉದ್ದೇಶಪೂರ್ವಕವಾಗಿರುವ ಸಾಧ್ಯತೆ ಹೆಚ್ಚು. ಕೊಳವೆಗಳು ಸವೆಯದಿರಲೆಂದು ಶುದ್ಧೀಕರಣ ಘಟಕಗಳು ಸುಣ್ಣ ಅಥವಾ ಸೋಡಾ ಸೇರಿಸಿ ಪಿಎಚ್ ಏರಿಸುತ್ತವೆ. ಅದನ್ನು ಇಳಿಸಲು ಹೋಗಬೇಡಿ.

ಕೊಳವೆಬಾವಿಯ ನೀರೇ 8.5ರ ಮೇಲಿದ್ದು, ಸೋಪು ಚೆನ್ನಾಗಿ ನೊರೆಯಾಗುತ್ತಿದ್ದರೆ ಮಾತ್ರ ಎಚ್ಚರ ವಹಿಸಿ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚು ಇರುವ ಇಂಥ ಅಂತರ್ಜಲದಲ್ಲಿ ಫ್ಲೋರೈಡ್ ಏರಿರುವುದು ಸಾಮಾನ್ಯ. ಫ್ಲೋರೈಡನ್ನು ಹಿಡಿದಿಡುವ ಕ್ಯಾಲ್ಸಿಯಂ ಇಲ್ಲದಿರುವುದರಿಂದ ಅದು ನೀರಿನಲ್ಲೇ ಉಳಿಯುತ್ತದೆ. ಪಿಎಚ್ ಹೆಚ್ಚಿದಾಗ ಕೆಲವು ಬಗೆಯ ನೆಲಗಳಲ್ಲಿ ಖನಿಜಗಳಿಗೆ ಅಂಟಿದ ಆರ್ಸೆನಿಕ್ಕೂ ಬಿಡುಗಡೆಯಾಗುತ್ತದೆ. ಕುಡಿಯಲು ಹಿತವಾದ, ಮೆದುವಾದ ನೀರು ಎಂದು ಸಂತೋಷಪಡುವ ಮೊದಲು ಈ ಎರಡು ಪರೀಕ್ಷೆ ಮಾಡಿಸಿ.

ಇನ್ನು ಗೀಸರ್ ಮತ್ತು ಪಾತ್ರೆಗಳಲ್ಲಿ ಕಟ್ಟುವ ಬಿಳಿ ಗಾರು. ಇದಕ್ಕೆ ಪಿಎಚ್ ಒಂದನ್ನೇ ದೂರಿ ಪ್ರಯೋಜನವಿಲ್ಲ. ಗಡಸು ನೀರು ಬಿಸಿಯಾದಾಗ ಬೈಕಾರ್ಬೊನೇಟ್ ಒಡೆದು, ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಕೂರುತ್ತದೆ. 1936ರಲ್ಲಿ ಅಮೆರಿಕದ ನೀರಿನ ತಜ್ಞ ಲ್ಯಾಂಜೆಲಿಯರ್ ರೂಪಿಸಿದ ಸೂಚ್ಯಂಕ ಪಿಎಚ್, ಕ್ಯಾಲ್ಸಿಯಂ, ಕ್ಷಾರತೆ, ಕರಗಿದ ಲವಣ, ತಾಪಮಾನ ಐದನ್ನೂ ಸೇರಿಸಿ ನೀರು ಗಾರು ಕಟ್ಟುವ ಸ್ವಭಾವದ್ದೋ ಕರಗಿಸುವ ಸ್ವಭಾವದ್ದೋ ಎಂದು ಲೆಕ್ಕ ಹಾಕುತ್ತದೆ. ವರದಿಯಲ್ಲಿ ಅದು ಧನವಾಗಿದ್ದರೆ ಗಾರು ಕಟ್ಟುವ ನೀರು, ಋಣವಾಗಿದ್ದರೆ ಕರಗಿಸುವ ನೀರು.

ತೊಟ್ಟಿಗೆ ಕ್ಲೋರಿನ್ ಹಾಕುವವರು ಇದನ್ನು ಓದಲೇಬೇಕು

ಮನೆಯ ತೊಟ್ಟಿಗೆ ಬ್ಲೀಚಿಂಗ್ ಪುಡಿ ಅಥವಾ ಹೈಪೋಕ್ಲೋರೈಟ್ ದ್ರಾವಣ ಹಾಕುವವರು ಪಿಎಚ್ ನೋಡುವುದು ತೀರ ವಿರಳ. ಕ್ಲೋರಿನ್ ನೀರಿನಲ್ಲಿ ಎರಡು ರೂಪಗಳಲ್ಲಿ ಇರುತ್ತದೆ. ರೋಗಾಣುಗಳನ್ನು ಚುರುಕಾಗಿ ಕೊಲ್ಲುವುದು ಹೈಪೋಕ್ಲೋರಸ್ ಆಮ್ಲ. ಹೈಪೋಕ್ಲೋರೈಟ್ ಅಯಾನು ಅದಕ್ಕಿಂತ ಬಹಳ ದುರ್ಬಲ. ಯಾವುದು ಎಷ್ಟು ಎಂಬುದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 6.5 ಇದ್ದರೆ ಶೇ 90ರಷ್ಟು ಶಕ್ತಿಯುತ ರೂಪದಲ್ಲಿರುತ್ತದೆ; 7.5ಕ್ಕೆ ಅದು ಸರಿಸುಮಾರು ಅರ್ಧವಾಗುತ್ತದೆ, 8ಕ್ಕೆ ಕಾಲು ಭಾಗ, 8.5ಕ್ಕೆ ಹತ್ತರಲ್ಲೊಂದು. ಅಂದರೆ ಒಂದೇ ಅಳತೆಯ ಕ್ಲೋರಿನ್ ಹಾಕಿದ ಎರಡು ಮನೆಗಳಲ್ಲಿ ಒಂದರ ನೀರು ಸುರಕ್ಷಿತವಾಗಿ, ಇನ್ನೊಂದರದು ಹಾಗಾಗದೆ ಉಳಿಯಬಹುದು.

ಸೋಂಕು ನಿವಾರಣೆ ಪರಿಣಾಮಕಾರಿಯಾಗಲು ಪಿಎಚ್ 8ಕ್ಕಿಂತ ಕಡಿಮೆ ಇರಬೇಕು, ಕನಿಷ್ಠ 30 ನಿಮಿಷ ಸಂಪರ್ಕದ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿಮ್ಮ ನೀರು 8ರ ಮೇಲಿದ್ದರೆ ಅರ್ಧ ಗಂಟೆಗೆ ಬದಲು ಇನ್ನೂ ಹೆಚ್ಚು ಹೊತ್ತು ಬಿಡಿ, ಆಮೇಲೆ ಉಳಿಕೆ ಕ್ಲೋರಿನ್ ಅಳೆಯಿರಿ. ಕುಡಿಯುವ ನೀರಿಗಾದರೆ ಕುದಿಸುವುದು ಹೆಚ್ಚು ಭರವಸೆಯ ದಾರಿ. ನೀರು ಕಲಕಿದ್ದರೆ ಮೊದಲು ಸೋಸಬೇಕು. ಕೆಸರಿನ ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಕೊಳ್ಳುತ್ತವೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪಿಎಚ್ ಇಳಿಸಿದರೆ ಕ್ಲೋರಿನ್ ಚುರುಕಾಗುತ್ತದೆ ಎಂದು ತಿಳಿದು ತೊಟ್ಟಿಗೆ ಆಮ್ಲ ಸುರಿಯಬೇಡಿ. ಬ್ಲೀಚಿಂಗ್ ಪುಡಿ ಅಥವಾ ದ್ರಾವಣಕ್ಕೆ ಆಮ್ಲ ತಾಗಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ತೊಟ್ಟಿಯೊಳಗೆ ಇಳಿದವರ ಪ್ರಾಣಕ್ಕೇ ಅದು ಸಂಚಕಾರ. ಗಾರು ತೆಗೆಯಲು ಆಮ್ಲ ಬಳಸುವ ದಿನ ಬ್ಲೀಚಿಂಗ್ ಹತ್ತಿರ ಸುಳಿಯಬಾರದು.

ಶುದ್ಧೀಕರಣ ಯಂತ್ರದ ನೀರಿನ ಪಿಎಚ್ ಕಡಿಮೆ ಏಕೆ?

ಆರ್‌ಒ (ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಸೋಸುವ) ಯಂತ್ರ ಇರುವವರು ಅದರ ನೀರನ್ನು ಅಳೆದಾಗ 6 ಅಥವಾ ಅದಕ್ಕಿಂತ ಕಡಿಮೆ ಬಂದು ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಪೊರೆ ಬೈಕಾರ್ಬೊನೇಟನ್ನು ತಡೆಯುತ್ತದೆ, ಕರಗಿದ ಇಂಗಾಲದ ಡೈಆಕ್ಸೈಡನ್ನು ಮಾತ್ರ ತಡೆಯಲಾರದು. ಆಮ್ಲದ ಅಂಶ ದಾಟಿಬಂದು, ಅದನ್ನು ತಣಿಸುವ ಅಂಶ ಹಿಂದೆಯೇ ಉಳಿಯುವುದರಿಂದ ಪಿಎಚ್ ಇಳಿಯುತ್ತದೆ. ಲವಣ ಕಡಿಮೆಯಿರುವ ಈ ನೀರನ್ನು ಅಳೆಯುವುದೂ ಕಷ್ಟ: ಮಾಪಕದ ಅಂಕಿ ನಿಲ್ಲದೆ ಹೊಯ್ದಾಡುತ್ತದೆ, ಪಟ್ಟಿಯಲ್ಲಿರುವ ಬಣ್ಣಕವೇ ನೀರಿನ ಪಿಎಚ್ಚನ್ನು ಬದಲಿಸಿಬಿಡುತ್ತದೆ. ಇಂಥ ನೀರಿನ ಆಮ್ಲೀಯತೆಗೆ ಕಸುವಿಲ್ಲ, ಚಿಟಿಕೆ ಖನಿಜ ಸೇರಿದರೂ ಪಿಎಚ್ ಏರುತ್ತದೆ. ಕುಡಿಯುವವರಿಗೆ ಆ ಅಂಕಿಯಿಂದ ಭಯವಿಲ್ಲ. ಈ ನೀರನ್ನು ತಾಮ್ರ ಅಥವಾ ಹಿತ್ತಾಳೆಯಲ್ಲಿ ಗಂಟೆಗಟ್ಟಲೆ ತುಂಬಿಡುವುದು ಮಾತ್ರ ಸರಿಯಲ್ಲ. ಗಾಜು ಅಥವಾ ಸ್ಟೀಲ್ ವಾಸಿ.

ಹೆಜ್ಜೆ 5: ಸರಿಪಡಿಸುವುದು, ಬೇಕಾದರೆ ಮಾತ್ರ

6.5ರಿಂದ 8.5ರೊಳಗಿದ್ದು, ಕಲೆಯಿಲ್ಲದೆ, ಲೋಹದ ಪರೀಕ್ಷೆಯೂ ಸರಿಯಿದ್ದರೆ ಏನನ್ನೂ ಮಾಡಬೇಡಿ. 7ಕ್ಕೆ ತರುವ ಹಟ ಅನಗತ್ಯ.

ಕಡಿಮೆ ಪಿಎಚ್‌ಗೆ ಕಾರಣ ಇಂಗಾಲದ ಡೈಆಕ್ಸೈಡ್ ಆಗಿದ್ದರೆ ಗಾಳಿಯಾಡಿಸುವುದೇ ಅಗ್ಗದ, ಯಾವ ರಾಸಾಯನಿಕವೂ ಬೇಡದ ಪರಿಹಾರ. ತೊಟ್ಟಿಗೆ ಬೀಳುವ ನೀರನ್ನು ತೂತುಗಳಿರುವ ಕೊಳವೆಯ ಮೂಲಕ ತುಂತುರಾಗಿ ಬೀಳುವಂತೆ ಮಾಡಿದರೆ ಬಹುಪಾಲು ಕೆಲಸ ಆಗುತ್ತದೆ. ನೀರಿನಲ್ಲಿ ಕಬ್ಬಿಣವಿದ್ದರೆ ಅದೂ ಉತ್ಕರ್ಷಣಗೊಂಡು ಕೆಂಪು ಕೆಸರಾಗಿ ತಳ ಸೇರುತ್ತದೆ. ತೊಟ್ಟಿಯನ್ನು ಮೊದಲಿಗಿಂತ ಹೆಚ್ಚು ಸಲ ತೊಳೆಯಬೇಕಾದೀತು.

ಅದು ಸಾಲದಿದ್ದರೆ ಕ್ಯಾಲ್ಸೈಟ್ ಫಿಲ್ಟರ್. ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳ ಮೂಲಕ ನೀರು ಹಾಯುವಾಗ ಅವು ನಿಧಾನವಾಗಿ ಕರಗಿ ಪಿಎಚ್ 7ರ ಆಸುಪಾಸಿಗೆ ಬರುತ್ತದೆ. ಅಗತ್ಯಕ್ಕಿಂತ ಹೆಚ್ಚು ಕರಗದಿರುವುದು ಇದರ ದೊಡ್ಡ ಗುಣ. ನೀರು ಸ್ವಲ್ಪ ಗಡಸಾಗುತ್ತದೆ, ಹರಳುಗಳನ್ನು ಆಗಾಗ ತುಂಬಬೇಕಾಗುತ್ತದೆ. ಪಿಎಚ್ 6ಕ್ಕಿಂತ ಕೆಳಗಿದ್ದಾಗ ಮೆಗ್ನೀಸಿಯಂ ಆಕ್ಸೈಡ್ ಬೆರೆಸುವುದುಂಟು, ಅದು ಚುರುಕು. ನೀರು ಫಿಲ್ಟರಿನಲ್ಲಿ ನಿಂತೇ ಇದ್ದರೆ ಪಿಎಚ್ ಮಿತಿ ಮೀರಿ ಏರಬಹುದು. ಇನ್ನೂ ಆಮ್ಲೀಯ ನೀರಿಗೆ ಸೋಡಿಯಂ ಕಾರ್ಬೊನೇಟ್ ದ್ರಾವಣವನ್ನು ಪಂಪಿನಿಂದ ಅಳತೆಯಾಗಿ ಬೆರೆಸುವ ವ್ಯವಸ್ಥೆ ಇದೆ. ಅದನ್ನು ತಿಳಿದವರಿಂದಲೇ ಮಾಡಿಸಬೇಕು. ಅಡುಗೆ ಸೋಡಾವನ್ನು ಕೈಅಳತೆಯಲ್ಲಿ ತೊಟ್ಟಿಗೆ ಸುರಿಯುವುದು ಬೇಡ. ಎಲ್ಲಿ ಎಷ್ಟು ಬೆರೆಯಿತೆಂದು ತಿಳಿಯುವುದಿಲ್ಲ, ಉಪ್ಪು ಕಡಿಮೆ ಮಾಡಬೇಕಾದವರ ಮೈಗೆ ಸೋಡಿಯಂ ಸೇರುತ್ತದೆ.

ಸೀಸ ಕಂಡುಬಂದಿದ್ದರೆ ಪಿಎಚ್ ಏರಿಸಿ ಸುಮ್ಮನಾಗಬೇಡಿ. ಆ ಕೊಳವೆ, ಆ ನಲ್ಲಿ ಬದಲಾಗಬೇಕು.

ಕ್ಷಾರೀಯ ನೀರು ಕುಡಿದರೆ ಆರೋಗ್ಯ ಸುಧಾರಿಸುತ್ತದೆ ಎಂದು ಯಂತ್ರ ಮಾರುವವರಿಗೆ ಒಂದು ಮಾತು ಕೇಳಬೇಕು. ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ಇಕ್ಕಟ್ಟಿನ ವ್ಯಾಪ್ತಿಯಲ್ಲೇ ಇರುವಂತೆ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ. ಕುಡಿದ ನೀರು ಮೊದಲು ಸೇರುವ ಜಠರದ ರಸ 1.5ರಿಂದ 3.5ರಷ್ಟು ಆಮ್ಲೀಯ. ಒಂದು ಲೋಟ ಪಿಎಚ್ 9ರ ನೀರು ಅಲ್ಲಿ ಏನನ್ನು ಬದಲಿಸೀತು? ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇಂಥ ನೀರಿಗೆ ಹೋಗಬಾರದು. ಚರ್ಮ ಒಣಗುತ್ತದೆ ಎಂದು ಪಿಎಚ್ 7.8ರ ನೀರನ್ನು ದೂರುವವರು ಮೊದಲು ಸೋಪನ್ನು ಬದಲಿಸಿ ನೋಡಲಿ.

ಮತ್ತೆ ಯಾವಾಗ ಅಳೆಯಬೇಕು

ತೊಟ್ಟಿಯ ಹತ್ತಿರ ಅಥವಾ ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿ. ದಿನಾಂಕ, ಸಮಯ, ಯಾವ ನಲ್ಲಿ, ಯಾವ ಸಾಧನ, ಅಂಕಿ: ಐದು ಅಂಕಣ ಸಾಕು. ಸ್ವಂತ ಬಾವಿಯ ನೀರಾದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅಳೆಯಿರಿ. ಬಾವಿ ಆಳ ಮಾಡಿಸಿದಾಗ, ಪಂಪ್ ಅಥವಾ ಕೊಳವೆ ಬದಲಿಸಿದಾಗ, ತೊಟ್ಟಿಗೆ ಗಾರೆ ಮಾಡಿಸಿದಾಗ, ಸರಬರಾಜಿನ ಮೂಲ ಬದಲಾಯಿತೆಂದು ತಿಳಿದಾಗ, ನೀರಿನ ಬಣ್ಣವೋ ರುಚಿಯೋ ಏಕಾಏಕಿ ಬೇರೆಯಾದಾಗ ಕಾಯದೆ ಅಳೆಯಿರಿ. ಅರ್ಧ ಅಂಕಿಗಿಂತ ಹೆಚ್ಚಿನ ಬದಲಾವಣೆ ಕಂಡರೆ ಮೊದಲು ಸಾಧನವನ್ನು ಅಡುಗೆ ಸೋಡಾ ದ್ರಾವಣದಲ್ಲಿ ಪರೀಕ್ಷಿಸಿ, ಮರುದಿನ ಅದೇ ಹೊತ್ತಿಗೆ, ಅದೇ ನಲ್ಲಿಯಲ್ಲಿ ಮತ್ತೆ ಅಳೆಯಿರಿ. ಅಂಕಿ ಹಾಗೇ ಬಂದರೆ ಈ ಹಾಳೆಯ ಪ್ರತಿಯೊಂದಿಗೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು, ಕ್ಷಾರತೆ, ಗಡಸುತನ, ನೈಟ್ರೇಟ್, ಲೋಹಗಳು ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಷ್ಟನ್ನೂ ಪರೀಕ್ಷಿಸಲು ಹೇಳಿ.